ಒಂದು ಇಕ್ಕಳ ಕಡಿಮೆ

ವಿವೇಕ್ ಮೊದಲ ಸಲ ಆ ಕಿಟಕಿಗೆ ಬಂದದ್ದು ಜಗಳಕ್ಕೆ.

ಮಡಿಕೇರಿಯ ಆ ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಟೆರೈಲ್ ರೂಮ್ ಇತ್ತು. ಆಪರೇಷನ್ನಿಗೆ ಬಳಸಿದ ಕತ್ತರಿ, ಇಕ್ಕಳಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ತೊಳೆಯುವುದು ಆಚೆ ಕೋಣೆಯ ಸುಬ್ಬಿಯ ಕೆಲಸ. ತೊಳೆದದ್ದನ್ನು ಎಣಿಸಿ, ಸೆಟ್ ಮಾಡಿ, ಬಟ್ಟೆಯಲ್ಲಿ ಕಟ್ಟಿ ಆಟೋಕ್ಲೇವಿನ ಹಬೆಗೆ ಇಡುವುದು ಈಚೆ ಕೋಣೆಯ ರಂಜಿತಾಳ ಕೆಲಸ. ಕುಶಾಲನಗರದ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ತಲೆಗೆ ಟೋಪಿ, ಮೂಗಿಗೆ ಮಾಸ್ಕು ಏರಿಸಿದಳೆಂದರೆ ಸಂಜೆಯವರೆಗೆ ಅವಳಲ್ಲಿ ಹೊರಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅಷ್ಟೇ ಸಾಕಾಯಿತು ಅನ್ನಿ.

ಆ ವರ್ಷ ಆಸ್ಪತ್ರೆಯವರು ಹೊಸ ಸಿಸ್ಟಮ್ ತಂದರು. ಪ್ರತಿಯೊಂದು ಇಕ್ಕಳದ ಮೈಮೇಲೂ ರಾಗಿಕಾಳಿನಷ್ಟು ಗುರುತು ಕೊರೆಸಿದರು. ಅದಕ್ಕೆ ಸ್ಕ್ಯಾನರ್ ಹಿಡಿದರೆ ಅದರ ಜಾತಕವೇ ಪರದೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಯಾರು ತೊಳೆದರು, ಯಾರು ಕಟ್ಟಿದರು, ಯಾವ ಹಬೆಯಲ್ಲಿ ಬೆಂದಿತು, ಯಾವ ರೋಗಿಯ ಆಪರೇಷನ್ನಿಗೆ ಹೋಯಿತು, ಎಲ್ಲ. ಅದನ್ನು ನೋಡಿಕೊಳ್ಳಲು ಬಂದವನೇ ವಿವೇಕ್, ಭಾಗಮಂಡಲದ ಅರ್ಚಕರ ಮನೆಯ ಹುಡುಗ. ಎಣಿಸುವಾಗ ಒಂದು ಕಡಿಮೆ ಬಿದ್ದರೆ ರಂಜಿತಾಳ ಪರದೆ ಕೆಂಪಾಗುತ್ತಿತ್ತು, ಮೇಲಿನ ಮಹಡಿಯಲ್ಲಿ ಅವನ ಪರದೆಯೂ ಕೆಂಪಾಗುತ್ತಿತ್ತು. ಅವನು ಇಳಿದು ಬಂದು ವಸ್ತುವನ್ನು ಕಣ್ಣಾರೆ ನೋಡಬೇಕು. ಅವಳ ಪಿನ್, ಅವನ ಪಿನ್ ಎರಡೂ ಒತ್ತಿದರೆ ಹಸಿರಾಗಿ ‘ಸಿಕ್ಕಿದೆ’ ಎಂದು ತೋರಿಸುತ್ತಿತ್ತು. ಥಿಯೇಟರಿನ ಗೋಡೆಯ ಪರದೆಯಲ್ಲೂ ಅದೇ ಬಣ್ಣ, ಅದೇ ಮಾತು.

ಮೊದಲ ವಾರದಲ್ಲೇ ಒಂದು ಇಕ್ಕಳ ನಿಜವಾಗಿಯೂ ಕಡಿಮೆ ಬಿತ್ತು. ಇವನು ದಡದಡ ಇಳಿದು ಬಂದ. ಗೌನ್ ಇಲ್ಲದೆ ಒಳಗೆ ಕಾಲಿಡುವಂತಿಲ್ಲವಾದ್ದರಿಂದ ಟ್ರೇ ದಾಟಿಸುವ ಪುಟ್ಟ ಕಿಟಕಿಯಲ್ಲಿ ತಲೆ ತೂರಿಸಿದ.

“ನಿಮಗೆ ಎಣಿಸೋಕೆ ಬರಲ್ವಾ?”

“ಬರುತ್ತೆ ಸಾರ್. ನೀವು ಬಂದಿದ್ದು ಒಂದು, ಬೈದಿದ್ದು ಎರಡು. ಸಾರಿ ಕೇಳಿದ್ರೆ ಮೂರಾಗುತ್ತೆ.”

ಇಕ್ಕಳ ಟವೆಲ್ಲಿನ ಮಡಿಕೆಯಲ್ಲಿತ್ತು. ಅವನು ಪಿನ್ ಒತ್ತಿ ಮುಖ ಊದಿಸಿಕೊಂಡೇ ಹೊರಟ. ಅರ್ಧ ಮೆಟ್ಟಿಲು ಹತ್ತಿದವನು ವಾಪಸ್ ಬಂದು ಕಿಟಕಿಗೆ ಬಗ್ಗಿದ.

“ಸಾರಿ. ಮೂರಾಯ್ತಾ?”

ಅವಳು ತಲೆಯೆತ್ತಲಿಲ್ಲ. ಮಾಸ್ಕಿನ ಮೇಲೆ ಕಣ್ಣಿನ ಅಂಚು ಮಾತ್ರ ಸುಕ್ಕಾಯಿತು. ನಗು ಅಲ್ಲಿಯವರೆಗೆ ಬಂದಿತ್ತು, ಅವನು ನೋಡಿಯೂ ಬಿಟ್ಟ.

ಅಷ್ಟಕ್ಕೇ ಇಬ್ಬರೂ ಸುಮ್ಮನಾಗಿದ್ದರೆ ಎಷ್ಟೋ ಜನ ಬಚಾವಾಗುತ್ತಿದ್ದರು. ಆದರೆ ಮುಂದಿನ ವಾರ ರಂಜಿತಾ ಬೇಕೆಂದೇ ಒಂದು ಇಕ್ಕಳವನ್ನು ಟವೆಲ್ಲಿನ ಕೆಳಗೆ ತಳ್ಳಿದಳು. ಪರದೆ ಕೆಂಪಾಯಿತು. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳಿತು. ಎಲ್ಲಿ ಹೋಯಿತೋ ಕಾಣೆ ಎಂದು ಅವಳು ಸತ್ಯವಂತೆಯಂತೆ ಹೇಳಿದಳು. ಅವನು ಕಿಟಕಿಗೆ ಒರಗಿ, ಇದು ಎಲ್ಲಿರಬಹುದು, ಅದರ ಕೆಳಗೆ ನೋಡಿ, ಇದನ್ನು ಎತ್ತಿ ಎಂದು ನಿಧಾನವಾಗಿ ಹುಡುಕಿಸಿದ. ಟವೆಲ್ಲನ್ನು ಮಾತ್ರ ಕೊನೆಗೆ ಎತ್ತಿಸಿದ.

ಅವನಿಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. ಆಮೇಲೆ ಕೇಳಬೇಕೇ? ವಾರಕ್ಕೊಂದು ಇಕ್ಕಳ ಕಳೆಯತೊಡಗಿತು, ಮಳೆ ಹಿಡಿದ ಮೇಲೆ ಇನ್ನೂ ಹೆಚ್ಚು.

ಅದೇ ಅವರ ಪ್ರೀತಿ. ನಡುವೆ ಗೋಡೆ, ಗೋಡೆಯಲ್ಲಿ ಒಂದು ಟ್ರೇ ಹಿಡಿಯುವಷ್ಟು ಕಿಂಡಿ. ಅವನು ಬೆರಳು ಆಚೆ ಚಾಚುವಂತಿಲ್ಲ, ಅವಳು ಮಾಸ್ಕು ಇಳಿಸುವಂತಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗಲೇ ಅವನು ಅವಳ ಪೂರ್ತಿ ಮುಖ ನೋಡುತ್ತಿದ್ದದ್ದು. ಒಮ್ಮೆ ಹಾಗೆ ನೋಡುತ್ತ ನೋಡುತ್ತ ಕಾಫಿ ಆರಿಹೋಯಿತು. ಅವಳು ಅವನ ಲೋಟ ಎಳೆದುಕೊಂಡು ತಾನೇ ಕುಡಿದಳು. ನಿಮ್ಮ ಮನೆಯಲ್ಲಿ ಗೊತ್ತಾದರೆ ನಿಮಗೆ ಪ್ರಾಯಶ್ಚಿತ್ತ ಮಾಡಿಸುತ್ತಾರೆ ಎಂದು ರೇಗಿಸಿದಳು. ಅವನು ನಗಲಿಲ್ಲ.

ನಗುವ ವಿಷಯವೂ ಆಗಿರಲಿಲ್ಲ. ಅವನ ತಾಯಿ ಕಾತ್ಯಾಯನಿ, ಬೇರೆ ಜಾತಿಯ ಹುಡುಗಿ ತನ್ನ ಒಲೆಯ ಹತ್ತಿರ ಬರುವುದಾದರೆ ತಾನು ಆ ಮನೆಯಲ್ಲಿ ಉಣ್ಣುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಇತ್ತ ರಂಜಿತಾಳ ಅಪ್ಪ ನಾಗರಾಜು ಶುಂಠಿ ಬೆಳೆಯುವ ಮನುಷ್ಯ, ಮಾತು ಕಡಿಮೆ. ಹುಡುಗ ಯಾವ ಜಾತಿಯವನಾದರೂ ಆಗಲಿ, ಅವನ ಹೆತ್ತವರು ನಮ್ಮ ಜಗಲಿಗೆ ಬಂದು ಕೂತು ಹೆಣ್ಣು ಕೇಳಬೇಕು, ಓಡಿಹೋಗಿ ಆಗುವ ಮದುವೆಗೆ ನನ್ನ ಮಗಳಿಲ್ಲ ಎಂದಿದ್ದ. ಅಲ್ಲಿಗೆ ರಂಜಿತಾಳ ಬದುಕಿಗೆ ಬೇಕಾದದ್ದು ಒಂದೇ ಒಂದಾಗಿ ಉಳಿಯಿತು. ಕಾತ್ಯಾಯನಮ್ಮ ತಮ್ಮ ಮನೆಯ ಜಗಲಿಗೆ ಬಂದು ಕೂರಬೇಕು. ಅದಕ್ಕಾಗಿ ಅವಳು ಯಾವ ದೇವರಿಗೆ ಏನೇನು ಹೇಳಿಕೊಂಡಳೋ ಅವಳಿಗೇ ಲೆಕ್ಕವಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ಅವಳು ತನ್ನ ಪಿನ್ನನ್ನು ಅವನಿಗೆ ಹೇಳಿಬಿಟ್ಟಳು. ಯಾರಿಗೂ ಹೇಳಬಾರದೆಂದು ಟ್ರೇನಿಂಗಿನಲ್ಲಿ ಅವನೇ ಎಲ್ಲರಿಗೂ ಕಲಿಸಿದ್ದ. ಅವಳು ಕಿಂಡಿಗೆ ಬಾಯಿ ತಂದು ಒಂದೊಂದೇ ಅಂಕಿ ಉಸುರಿದಳು. ಅವನ ಕಿವಿ ಕೆಂಪಾಯಿತು. ಮುತ್ತು ಕೊಟ್ಟಿದ್ದರೂ ಇಬ್ಬರಿಗೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಇನ್ನು ದೀಕ್ಷಿತಾಳ ವಿಷಯ. ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಮಂಜುನಾಥನ ಹೆಂಡತಿ. ಮದುವೆಯಾಗಿ ಕೆಲವು ವರ್ಷವಾದರೂ ಮಕ್ಕಳಿಲ್ಲ. ಗರ್ಭಕೋಶದಲ್ಲಿ ಗೆಡ್ಡೆಯಿದೆ, ಅದನ್ನಷ್ಟೇ ತೆಗೆದರೆ ಮಗು ನಿಲ್ಲುತ್ತದೆ ಎಂದು ಡಾಕ್ಟರು ಭರವಸೆ ಕೊಟ್ಟಿದ್ದರು. ಗಂಡ ಹೆಂಡತಿ ಆಸೆಯಿಂದಲೇ ಬಂದು ಅಡ್ಮಿಟ್ ಆದರು.

ಆಪರೇಷನ್ ಮುಗಿಯುತ್ತ ಬಂದಿತ್ತು. ಹೊಟ್ಟೆ ಹೊಲಿಯುವ ಮುಂಚೆ ಥಿಯೇಟರಿನ ನರ್ಸ್ ಸುಧಾ ಎಣಿಸಿದಳು. ಒಂದು ಇಕ್ಕಳ ಕಡಿಮೆ. ಹಳೆಯ ಕಾಲವಾಗಿದ್ದರೆ ಡಾಕ್ಟರ ಕೈ ಹಿಡಿದು ನಿಲ್ಲಿಸಿ ಕಸದ ಬುಟ್ಟಿಯವರೆಗೆ ಜಾಲಾಡುತ್ತಿದ್ದಳು. ಈಗ ಸಿಸ್ಟಮ್ ಇದೆ. ಅದರಲ್ಲೂ ಕೆಳಗಿನಿಂದ ಬರುವ ಸೆಟ್ಟುಗಳಲ್ಲಿ ಇಕ್ಕಳ ಕಳೆಯುವುದು, ಮತ್ತೆ ಸಿಗುವುದು ಆ ಮಳೆಗಾಲವೆಲ್ಲ ನಡೆದೇ ಇತ್ತು. ಸೆಟ್ಟೇ ಕಡಿಮೆ ಬಂದಿರಬೇಕು ಎಂದುಕೊಂಡು ಅವಳು ಪರದೆಯಲ್ಲಿ ‘ಒಂದು ಕಡಿಮೆ’ ಎಂದು ಒತ್ತಿದಳು.

ಮೇಲೆ ವಿವೇಕನ ಪರದೆ ಕೆಂಪಾಯಿತು. ಯಾವ ಕೋಣೆಯಿಂದ ಬಂದ ಕೆಂಪು ಎಂದು ಅವನು ಓದಲಿಲ್ಲ. ಅವನ ಪಾಲಿಗೆ ಕೆಂಪೆಂದರೆ ಅವಳು. ಬೆಳಗ್ಗೆಯೇ ತಾಯಿಯ ಜೊತೆ ಫೋನಿನಲ್ಲಿ ಜಗಳವಾಡಿ ಮನಸ್ಸು ಕೆಟ್ಟಿದ್ದವನಿಗೆ ಆ ಬಣ್ಣ ನೋಡಿ ಹಾಯೆನಿಸಿತು. ಇವತ್ತು ಇವಳನ್ನೇ ಸತಾಯಿಸೋಣ ಅನ್ನಿಸಿತು. ಕೂತಲ್ಲೇ ತನ್ನ ಪಿನ್ ಒತ್ತಿದ, ಅವಳದ್ದನ್ನೂ ಒತ್ತಿದ. ಸಿಕ್ಕಿದೆ, ಸ್ಟೆರೈಲ್ ರೂಮಿನಲ್ಲಿದೆ. ಆಮೇಲೆ ಅವಳಿಗೆ ಮೆಸೇಜ್ ಕಳಿಸಿದ: ‘ಇವತ್ತು ನಾನು ಕೆಳಗೆ ಬರಲ್ಲ. ಬೇಕಾದ್ರೆ ನೀನೇ ಟೆರೇಸಿಗೆ ಬಾ.’

ಥಿಯೇಟರಿನ ಗೋಡೆಯಲ್ಲಿ ಹಸಿರು ಹತ್ತಿತು. ಸುಧಾ ನಿಟ್ಟುಸಿರು ಬಿಟ್ಟಳು. ಹೊರಗೆ ಇನ್ನೊಬ್ಬ ರೋಗಿ ಕಾಯುತ್ತಿದ್ದ. ಡಾಕ್ಟರು ದೀಕ್ಷಿತಾಳ ಹೊಟ್ಟೆ ಹೊಲಿದರು.

ತಾನು ಒತ್ತದೆಯೇ ತನ್ನ ಪರದೆಯಲ್ಲೂ ಕೆಂಪು ಹತ್ತಿ ಹಸಿರಾದದ್ದನ್ನು ನೋಡಿದ ರಂಜಿತಾ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಟೆರೇಸಿಗೆ ಓಡಿದಳು. ಮಳೆ ಬಿಟ್ಟಿತ್ತು, ಮಂಜು ನೀರಿನ ಟ್ಯಾಂಕಿನವರೆಗೂ ಇಳಿದಿತ್ತು. ಮಾಸ್ಕಿಲ್ಲದ ಅವಳ ಮುಖವನ್ನು ಹಗಲಲ್ಲಿ, ಅಷ್ಟು ಹತ್ತಿರದಿಂದ, ಅವನು ಮೊದಲ ಸಲ ನೋಡಿದ.

“ಎಲ್ಲಿಟ್ಟಿದ್ದೀಯ ಅದನ್ನ?” ಎಂದ.

“ನೀವೇ ಇಟ್ಕೊಂಡು ನನ್ನ ಕೇಳ್ತೀರಾ?”

ಅವನಿಗೆ ಅದು ಅವಳ ಎಂದಿನ ನಾಟಕ. ಅವಳಿಗೆ ಅನ್ನಿಸಿದ್ದು, ಇಷ್ಟು ದಿನ ನಾನು ಅಡಗಿಸಿಟ್ಟೆ, ಇವತ್ತು ಇವರೇ ಒಂದು ಅಡಗಿಸಿದ್ದಾರೆ ಎಂದು. ನೇರವಾಗಿ ಒಂದು ಮಾತು ಕೇಳಿದ್ದರೆ ಆಗ ಇನ್ನೂ ಹೊತ್ತು ಮೀರಿರಲಿಲ್ಲ. ದೀಕ್ಷಿತಾ ಎರಡು ಮಹಡಿ ಕೆಳಗೆ, ಇನ್ನೂ ಥಿಯೇಟರಿನ ಬಾಗಿಲಲ್ಲೇ ಸ್ಟ್ರೆಚರಿನ ಮೇಲಿದ್ದಳು. ಆದರೆ ಕೇಳುವ ವ್ಯವಧಾನ ಯಾರಿಗಿತ್ತು? ಅವನು ಅವಳ ಟೋಪಿ ತೆಗೆದು ಕೂದಲಿಗೆ ಮುಖವಿಟ್ಟ. ಅವಳು ಕಣ್ಣು ಮುಚ್ಚಿದಳು.

ಕೆಳಗೆ ಬಂದು ನೋಡಿದರೆ ಆ ಸೆಟ್ಟಿನ ಟ್ರೇ ತೊಳೆದು ಬಂದಿತ್ತು. ಒಂದು ಕಡಿಮೆಯೇ. ಪರದೆ ಹಸಿರು. ಅವಳು ತನ್ನಷ್ಟಕ್ಕೆ ನಗುತ್ತ ಸ್ಪೇರ್ ಡಬ್ಬಿಯಿಂದ ಒಂದು ಹಾಕಿ ಕಟ್ಟಿದಳು. ನಾಳೆ ಅವರೇ ತಂದುಕೊಡುತ್ತಾರೆ ಎಂದುಕೊಂಡಳು. ನಾಳೆ ಅವಳೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಟೆರೇಸಿನ ನೆನಪು ಮಿಕ್ಕಿದ್ದನ್ನೆಲ್ಲ ಒರೆಸಿಹಾಕಿತ್ತು.

ದೀಕ್ಷಿತಾ ಮನೆಗೆ ಹೋದಳು. ಹೊಟ್ಟೆನೋವು ಎಂದು ವಾಪಸ್ ಬಂದಳು. ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ಮತ್ತೆ ಬಂದಳು. ಹೊಲಿಗೆ ಮಾಗುವಾಗ ಹಾಗೆಯೇ, ಸಹಿಸಿಕೊಳ್ಳಬೇಕು ಎಂದರು. ಸಹಿಸಿಕೊಂಡಳು. ಎಸ್ಟೇಟಿನ ಜೀಪಿನ ಹಿಂದಿನ ಸೀಟಿನಲ್ಲಿ ಜ್ವರದಿಂದ ಬಡಬಡಿಸುತ್ತಿದ್ದವಳನ್ನು ಮಂಜುನಾಥ ಕೊನೆಯ ಸಲ ಕರೆತಂದಾಗ ಯಾರಿಗೋ ಎಕ್ಸ್‌ರೇ ತೆಗೆಯುವ ಬುದ್ಧಿ ಬಂತು. ತಕ್ಷಣ ಹೊಟ್ಟೆ ತೆರೆದರು. ಕೀವಾಗಿತ್ತು. ಕರುಳಿನ ಒಂದು ತುಂಡನ್ನು ತೆಗೆದರು. ಗರ್ಭಕೋಶವನ್ನೂ ತೆಗೆಯಬೇಕಾಯಿತು. ಕರುಳು ಸುತ್ತಿಕೊಂಡು ಹೀಗಾಗಿದೆ ಎಂದು ಮಂಜುನಾಥನಿಗೆ ಹೇಳಿದರು. ಎಕ್ಸ್‌ರೇಯನ್ನು ಅವನಿಗೆ ತೋರಿಸಲಿಲ್ಲ.

ಆದರೆ ಮುಚ್ಚಿಡುವುದಿದ್ದರೆ ಒಳಗಿಂದ ತೆಗೆದ ಇಕ್ಕಳವನ್ನು ಟ್ರೇಗೆ ಹಾಕಬಾರದಿತ್ತು. ಗಡಿಬಿಡಿಯಲ್ಲಿ ಯಾರೋ ಉಳಿದವುಗಳ ಜೊತೆಗೇ ಹಾಕಿದರು. ಸುಬ್ಬಿ ತೊಳೆದು ತನ್ನ ಕಡೆಯ ಕಿಂಡಿಯಿಂದ ದಾಟಿಸಿದಳು. ಮಂಕು ಹಿಡಿದು ಕಪ್ಪಾಗಿದ್ದ ಅದನ್ನು ಕೈಗೆತ್ತಿಕೊಂಡು ರಂಜಿತಾ ಎಂದಿನಂತೆ ಸ್ಕ್ಯಾನರ್ ಹಿಡಿದಳು.

ಪರದೆ ಕೆಂಪಾಯಿತು. ಈ ಸೆಟ್ಟಿಗೆ ಸೇರಿದ್ದಲ್ಲ ಎಂದಿತು. ಅದರ ಕೆಳಗೆ ಹಿಂದಿನ ಸಂಗತಿಯೆಲ್ಲ ಸಾಲುಗಟ್ಟಿತು. ಯಾವ ದಿನ ಕಳೆದದ್ದು, ಯಾರ ಆಪರೇಷನ್ನಿನಲ್ಲಿ. ‘ಸಿಕ್ಕಿದೆ’ ಎಂದು ಒತ್ತಿದವರು ರಂಜಿತಾ ಎನ್., ವಿವೇಕ್ ಎನ್. ಈಗ ಬಂದಿರುವುದು ಯಾರ ಟ್ರೇಯಲ್ಲಿ ಎಂದು ನೋಡಿದಳು. ಅದೇ ಹೆಸರು. ದೀಕ್ಷಿತಾ.

ಅವಳು ಕುರ್ಚಿಗೆ ಕೂತುಬಿಟ್ಟಳು. ಟೆರೇಸಿನ ಆ ಮಧ್ಯಾಹ್ನ ಅವರಿಬ್ಬರಲ್ಲಿ ಯಾರ ಹತ್ತಿರವೂ ಇಕ್ಕಳ ಇರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಈ ಸಲ ವಿವೇಕ್ ಓಡಿ ಬಂದಿದ್ದ. ಕಿಂಡಿಯಲ್ಲಿ ಕಂಡ ಅವನ ಮುಖ ಬಿಳುಚಿತ್ತು. ಮೇಲಿನವರು ತನ್ನನ್ನು ಕರೆಸಿ ಮಾತಾಡಿದ್ದಾರೆ, ಈ ಸ್ಕ್ಯಾನನ್ನು ತಪ್ಪಾಗಿ ಆದದ್ದು ಎಂದು ರದ್ದು ಮಾಡಿದರೆ ಮುಗಿಯಿತು, ಸಿಸ್ಟಮ್ಮಿನಲ್ಲಿ ಇಕ್ಕಳ ಎಂದೋ ಸಿಕ್ಕಿದೆ, ಯಾರೂ ನಮ್ಮನ್ನು ಕೇಳುವುದಿಲ್ಲ ಎಂದ. ರದ್ದು ಮಾಡಲು ಇಬ್ಬರ ಪಿನ್ನೂ ಬೇಕಿತ್ತು. ಹಿಂದಿನ ವಾರವಷ್ಟೇ ಎಲ್ಲರ ಪಿನ್ ಬದಲಾಗಿತ್ತು. ಹೊಸದನ್ನು ಅವಳು ಅವನಿಗೆ ಇನ್ನೂ ಹೇಳಿರಲಿಲ್ಲ, ಸತಾಯಿಸಿ ಹೇಳೋಣ ಎಂದು ಇಟ್ಟುಕೊಂಡಿದ್ದಳು.

ಅವಳು ಕೀಬೋರ್ಡು ಮುಟ್ಟದ್ದನ್ನು ನೋಡಿ ಅವನು ಕಿಂಡಿಯೊಳಗೆ ಕೈ ಚಾಚಿದ. ಗ್ಲೌಸ್ ಹಾಕಿದ್ದ ಅವಳ ಬೆರಳನ್ನು ಹಿಡಿದ. ಆ ಗೋಡೆಯ ನಡುವೆ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

“ಅಮ್ಮ ಒಪ್ಪಿದ್ದಾರೆ ರಂಜಿ. ನಿನ್ನೆ ರಾತ್ರಿ ಒಪ್ಪಿದ್ರು. ಭಾನುವಾರ ನಿಮ್ಮನೆಗೆ ಬರ್ತಾರೆ, ಹೆಣ್ಣು ಕೇಳೋಕೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ನಿಜವೇ ಆಗಿತ್ತು. ಬೆಳಗ್ಗೆಯೇ ಹೇಳಬೇಕೆಂದು ಅವನು ಸ್ವೀಟ್ ಕೂಡ ತಂದಿಟ್ಟಿದ್ದ. ಎಷ್ಟು ದಿನದಿಂದ ಕಾದ ಮಾತು ಅದು. ಎಂಥ ಹೊತ್ತಿಗೆ ಬಂತು ನೋಡಿ. ಅವಳಿಗೆ ಕಣ್ಣು ತುಂಬಿತು, ಅದರಲ್ಲಿ ಸಂತೋಷವೂ ಇತ್ತು. ಅದೇ ಅವಳಿಗೆ ಆಮೇಲೆ ಎಂದೂ ತನ್ನನ್ನು ಕ್ಷಮಿಸಿಕೊಳ್ಳಲಾಗದ ಸಂಗತಿಯಾಯಿತು. ಅವಳ ಬೆರಳು ಕೀಬೋರ್ಡಿನ ಕಡೆ ಹೋಯಿತು. ಒಂದು ಅಂಕಿ ಒತ್ತಿದಳು. ಇನ್ನೊಂದನ್ನೂ ಒತ್ತಿದಳು.

“ಅವರು ಹೇಗಿದಾರೆ?” ಎಂದು ಕೇಳಿದಳು.

“ಯಾರು?” ಎಂದ ವಿವೇಕ್.

ಅವನು ನಿಜವಾಗಿಯೂ ಕೇಳಿದ್ದ. ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಗ್ಲೌಸ್ ಕಳಚಿ, ಗೌನ್ ಕಳಚಿ, ಅವನನ್ನು ದಾಟಿಕೊಂಡು ಮೆಟ್ಟಿಲು ಹತ್ತಿ ವಾರ್ಡಿಗೆ ಹೋದಳು. ಅವನು ಹಿಂದಿನಿಂದ ಎರಡು ಸಲ ಹೆಸರು ಹಿಡಿದು ಕರೆದ.

ಮಂಜುನಾಥ ಎಳನೀರು ತರಲು ಹೋಗಿದ್ದ. ದೀಕ್ಷಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ರಂಜಿತಾಳದೇ ವಯಸ್ಸು. ಡ್ರಿಪ್ ಹಾಕಿದ್ದ ಕೈಯಲ್ಲಿ ಬಳೆಯೊಂದು ಜಾರಿ ಮೊಣಕೈಗೆ ಬಂದಿತ್ತು, ಅಷ್ಟು ಇಳಿದುಹೋಗಿದ್ದಳು. ರಂಜಿತಾ ಹಾಸಿಗೆಯ ಪಕ್ಕ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಟವೆಲ್ಲು, ಕೆಂಪು ಪರದೆ, ಪಿನ್ನು, ಟೆರೇಸು, ಯಾವುದನ್ನೂ ಬಿಡಲಿಲ್ಲ. ತನ್ನ ಹೊಟ್ಟೆಯೊಳಗೆ ಇದ್ದದ್ದು ಏನು ಎಂದು ದೀಕ್ಷಿತಾಳಿಗೆ ತಿಳಿದದ್ದೂ ಆಗಲೇ.

ಅವಳು ರಂಜಿತಾಳ ಕಡೆ ತಿರುಗಿದಳು. ಆಮೇಲೆ ನಿಧಾನವಾಗಿ ಕೇಳಿದಳು.

“ಅವತ್ತು ಅವ್ರು ಕೆಳಗೆ ಬರ್ಲಿಲ್ವಾ?”

“ಇಲ್ಲ. ನಾನೇ ಮೇಲೆ ಹೋದೆ.”

“ಬಂದಿದ್ರೆ ಸಿಕ್ತಿತ್ತು.”

“ಹ್ಞೂಂ.”

“ಮದುವೆ ಆಗ್ತಾರಾ ನಿಮ್ಮನ್ನ?”

ಭಾನುವಾರ ಕೇಳಲು ಬರುವವರಿದ್ದರು, ಇನ್ನು ತಾನು ಅವರನ್ನು ಆಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದಳು ರಂಜಿತಾ. ಅದನ್ನು ಹೇಳುವಾಗ ಅವಳಿಗೆ ಎದೆಯ ಭಾರ ಒಂದಿಷ್ಟು ಇಳಿದಂತಾಯಿತು. ದೀಕ್ಷಿತಾ ಅದನ್ನು ಅವಳ ಮುಖದಲ್ಲಿ ಕಂಡಳು.

“ಬಿಡ್ಬೇಡಿ,” ಎಂದಳು. “ಬಿಟ್ಟು ಒಳ್ಳೆಯವರಾಗೋಕೆ ಹೋಗ್ಬೇಡಿ. ಅವ್ರನ್ನೇ ಆಗಿ. ಇಬ್ರೂ ಒಂದೇ ಮನೇಲಿ, ದಿನಾ ಬೆಳಗ್ಗೆ ಎದ್ದು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಇರಿ. ಮಕ್ಕಳಾಗ್ಲಿ ನಿಮಗೆ. ಅವರನ್ನ ಎತ್ತಿಕೊಂಡಾಗೆಲ್ಲ ನಾನು ನೆನಪಾಗ್ಬೇಕು.”

ದನಿ ಏರಿಸಲಿಲ್ಲ. ಹೇಳಿ ಮತ್ತೆ ಗೋಡೆಯ ಕಡೆ ತಿರುಗಿಕೊಂಡಳು. ಎಳನೀರು ಹಿಡಿದು ಬಂದ ಮಂಜುನಾಥ, ಯಾರೋ ಸಿಸ್ಟರ್ ನೋಡಿಕೊಳ್ಳಲು ಬಂದಿದ್ದಾರೆ ಅಂದುಕೊಂಡು ರಂಜಿತಾಳಿಗೆ ಕೈ ಮುಗಿದ. ಅವಳು ಅಲ್ಲಿ ನಿಲ್ಲಲಾರದೆ ಹೊರಗೆ ಬಂದಳು.

ಸಂಜೆಯೊಳಗೆ ಆಸ್ಪತ್ರೆಯ ಮುಂದೆ ಎಸ್ಟೇಟಿನ ಜನ ಸೇರಿದರು. ಪೊಲೀಸರು ಬಂದರು. ರಂಜಿತಾ ಅವರಿಗೂ ಅದನ್ನೇ ಹೇಳಿದಳು, ಸ್ಕ್ಯಾನ್ ಆದದ್ದನ್ನು ತೋರಿಸಿದಳು. ಇಬ್ಬರು ಸಿಬ್ಬಂದಿಯ ಬೇಜವಾಬ್ದಾರಿ ಎಂದು ಹೇಳಿಕೆ ಕೊಟ್ಟು ಆಸ್ಪತ್ರೆ ಕೈ ತೊಳೆದುಕೊಂಡಿತು. ಡಾಕ್ಟರು ರಜೆ ಹಾಕಿದರು. ವಿವೇಕನನ್ನೂ ರಂಜಿತಾಳನ್ನೂ ಕೆಲಸದಿಂದ ತೆಗೆದರು. ಗೇಟಿನ ಹತ್ತಿರ ಇಬ್ಬರೂ ಎದುರಾದಾಗ ಅವನು ಅವಳನ್ನು ನೋಡಿದ ರೀತಿಗೆ ಅವಳು ಬೆದರಿ ದಾರಿ ಬಿಟ್ಟಳು.

ಭಾನುವಾರ ಅವನು ಬರುವುದಿಲ್ಲ ಎಂದೇ ಅವಳು ತಿಳಿದಿದ್ದಳು. ಅಮ್ಮ ನಿಂಗಮ್ಮ ಮಾತ್ರ ಜಗಲಿ ಸಾರಿಸಿ, ಚಾಪೆ ಹಾಸಿ, ಅಂಗಡಿಯಿಂದ ಹೊಸ ಲೋಟ ತರಿಸಿದ್ದಳು. ಮಗಳ ಕೆಲಸ ಹೋದದ್ದು ಊರಿಗೆಲ್ಲ ಗೊತ್ತಾಗಿತ್ತು, ಯಾಕೆಂಬುದು ಮನೆಯವರಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಹನ್ನೊಂದರ ಸುಮಾರಿಗೆ ಕಾರು ಬಂತು. ವಿವೇಕನ ತಂದೆ ನಾಗೇಶ್ವರ ಇಳಿದರು, ಕಾತ್ಯಾಯನಿ ಸೆರಗು ಹೊದ್ದು ಇಳಿದರು. ಹಿಂದೆ ವಿವೇಕ್. ಕಾತ್ಯಾಯನಮ್ಮ ಬಂದು ಜಗಲಿಯ ಮೇಲೆ ಕೂತರು. ಮಗ ಹಟ ಹಿಡಿದಿದ್ದಾನೆ, ನಮ್ಮದೇನೂ ಇಲ್ಲ ಎಂದು ಗೋಡೆ ನೋಡುತ್ತ ಹೇಳಿದರು. ಆದರೂ ಕೇಳಿದರು, ಬಾಯಿಬಿಟ್ಟು ಹೆಣ್ಣು ಕೇಳಿದರು. ನಾಗರಾಜು ಮಗಳ ಮುಖ ನೋಡಿದ.

ಹುಡುಗಿಯ ಜೊತೆ ಒಂದು ಮಾತಾಡಬೇಕು ಎಂದು ವಿವೇಕ್ ಹಿತ್ತಲಿಗೆ ಬಂದ. ನಿದ್ದೆಯಿಲ್ಲದೆ ಅವನ ಕಣ್ಣು ಗುಳಿ ಬಿದ್ದಿತ್ತು, ಗಡ್ಡ ಬೆಳೆದಿತ್ತು. ಆಗಲೂ ಅವಳಿಗೆ ಅವನ ಕೆನ್ನೆ ಮುಟ್ಟಬೇಕು ಅನ್ನಿಸಿತು.

“ನಾನು ಪೊಲೀಸ್ರಿಗೆ ಹೇಳಿದ್ದಕ್ಕೆ ಸಿಟ್ಟಿಲ್ವಾ?” ಎಂದಳು.

“ಇದೆ. ಹೋಗುತ್ತೆ ಅಂತ ಅನ್ನಿಸಲ್ಲ.”

“ಮತ್ತೆ ಯಾಕೆ ಬಂದ್ರಿ? ನನ್ನ ಮೇಲೆ ಪ್ರೀತಿ ಉಳಿದಿದ್ಯಾ?”

ಅವನು ಯೋಚಿಸಿದ. ಸುಳ್ಳು ಹೇಳಲು ಅವನಿಗೂ ಇನ್ನು ಶಕ್ತಿಯಿರಲಿಲ್ಲ.

“ಗೊತ್ತಿಲ್ಲ ರಂಜಿ. ಆದ್ರೆ ಬೇರೆ ಯಾರನ್ನ ಮದುವೆಯಾದ್ರೂ ಒಂದಲ್ಲ ಒಂದು ದಿನ ಅವಳಿಗೆ ಇದನ್ನ ಹೇಳ್ಬೇಕಾಗುತ್ತೆ. ನಿನಗೆ ಹೇಳ್ಬೇಕಾಗಿಲ್ಲ.”

ರಂಜಿತಾಳಿಗೂ ಅಷ್ಟೇ ಉಳಿದಿತ್ತು. ಬೇರೆ ಯಾವ ಗಂಡಸಿನ ಎದುರು ನಿಂತರೂ ಅವಳು ಟವೆಲ್ಲಿನಿಂದ ಶುರುಮಾಡಬೇಕಿತ್ತು. ಅವಳು ತಲೆಯಾಡಿಸಿ ಒಳಗೆ ಹೋದಳು. ಒಪ್ಪಿಗೆ ಎಂದು ಅಪ್ಪನಿಗೆ ಹೇಳಿ, ಹೊಸ ಲೋಟಗಳಿಗೆ ಕಾಫಿ ಬಗ್ಗಿಸಿ, ಜಗಲಿಗೆ ತಂದು ಮೊದಲು ಕಾತ್ಯಾಯನಮ್ಮನ ಮುಂದೆ ಹಿಡಿದಳು. ಅವರು ತೆಗೆದುಕೊಂಡರು.